ಜಲಜನಕದ ಇಂಧನಕೋಶವೂ ನಾಗರಿಕ ಡ್ರೋನೂ

೧

೧೭೮೩ನೆಯ ಇಸವಿ ಆಗಸ್ಟ್ ೨೭ರಂದು ಪ್ಯಾರಿಸ್ ನಗರದ ಷಾನ್ ದ ಮಾರ್ಸ್ ಎಂಬ ಬಯಲಿನಿಂದ ಒಂದು ಬೆಲೂನು ಮೇಲಕ್ಕೇರಿತು. ಅದನ್ನು ಜಾಕ್ ಷಾರ್ಲ್ ಎಂಬ ವಿಜ್ಞಾನಿಯೂ ರೊಬೇರ್ ಸಹೋದರರೂ ಕೂಡಿ ನಿರ್ಮಿಸಿದ್ದರು. ಕಬ್ಬಿಣದ ಚೂರುಗಳ ಮೇಲೆ ಗಂಧಕಾಮ್ಲವನ್ನು ಸುರಿದು ಪಡೆದ ಜಲಜನಕ ಅನಿಲ ಅದರೊಳಗೆ ತುಂಬಿತ್ತು, ಮನುಷ್ಯರಾರೂ ಅದರಲ್ಲಿರಲಿಲ್ಲ. ಸುಮಾರು ಮುಕ್ಕಾಲು ಗಂಟೆಯ ಹಾರಾಟದ ತರುವಾಯ ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿಯಿತು. ಆಕಾಶದಿಂದ ಬಿದ್ದ ಈ ವಸ್ತುವನ್ನು ಕಂಡು ಬೆದರಿದ ಹಳ್ಳಿಗರು ಕೈಗೆ ಸಿಕ್ಕಿದ ಆಯುಧಗಳಿಂದ ಅದನ್ನು ತಿವಿದು ಹರಿದುಹಾಕಿದರು.

ಜಲಜನಕಕ್ಕೂ ಚಾಲಕನಿಲ್ಲದ ಹಾರಾಟಕ್ಕೂ ಇರುವ ನಂಟು ಹೀಗೆ ಎರಡು ಶತಮಾನಗಳಿಗೂ ಮಿಕ್ಕಿದ್ದು. ಆದರೆ ಅಂದು ಜಲಜನಕ ಬೆಲೂನನ್ನು ಎತ್ತಿದ್ದು ತನ್ನ ಲಘುತ್ವದಿಂದ. ಇಂದು ಅದೇ ಅನಿಲ ಬೇರೊಂದು ವಿಧದಿಂದ ಆಕಾಶಕ್ಕೆ ಮರಳಿದೆ. ಇಂಧನಕೋಶವೆಂಬ ಉಪಕರಣದಲ್ಲಿ ಅದು ಆಮ್ಲಜನಕದೊಡನೆ ಕೂಡಿ ವಿದ್ಯುತ್ತನ್ನು ಕೊಡುತ್ತದೆ. ಆ ವಿದ್ಯುತ್ತು ಡ್ರೋನಿನ ಪಂಖಗಳನ್ನು ತಿರುಗಿಸುತ್ತದೆ. ಚಾಲಕನು ನೆಲದ ಮೇಲಿದ್ದು ನಡೆಸುವ, ಅಥವಾ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ತಾನಾಗಿಯೇ ಸಾಗುವ ಸಣ್ಣ ವಿಮಾನಕ್ಕೆ ಇಂದು ಡ್ರೋನೆಂಬ ಹೆಸರು ರೂಢವಾಗಿದೆ.

ಪ್ರಸ್ತುತ ಲೇಖನದಲ್ಲಿ ನಾವು ಔಷಧ ಸಾಗಣೆ, ಶೋಧನೆ, ಭೂಮಾಪನ ಮೊದಲಾದ ನಾಗರಿಕ ಕಾರ್ಯಗಳ ಡ್ರೋನುಗಳಿಗೆ ಈ ಇಂಧನಕೋಶವು ಎಷ್ಟರಮಟ್ಟಿಗೆ ಉಪಯುಕ್ತವೆಂಬುದನ್ನು ಪರಿಶೀಲಿಸುತ್ತೇವೆ. ನಾವು ಇತಿಹಾಸದ ಅಧ್ಯಾಪಕರು. ರಸಾಯನಶಾಸ್ತ್ರದಲ್ಲಿ ಅಧಿಕಾರವಾಣಿಯಿಂದ ಮಾತನಾಡುವುದು ನಮ್ಮ ಉದ್ದೇಶವಲ್ಲ. ಆದರೂ ಒಂದು ಉಪಕರಣ ಯಾವ ಕಾಲದಲ್ಲಿ, ಯಾವ ಕಾರಣದಿಂದ, ಯಾರ ವೆಚ್ಚದಿಂದ ಬಳಕೆಗೆ ಬಂದಿತೆಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ. ಆ ಪ್ರಶ್ನೆಯನ್ನು ಕೇಳದೆ ಹೊಸ ಸಾಧನದ ಬೆಲೆ ಕಟ್ಟಹೊರಟರೆ ಅತಿಯಾದ ಹೊಗಳಿಕೆಗಾಗಲಿ ಅತಿಯಾದ ಅನುಮಾನಕ್ಕಾಗಲಿ ಎಡೆಯಾಗುತ್ತದೆ.

೨

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿಯಬೇಕು. ಈಗ ಬಳಕೆಯಲ್ಲಿರುವ ಸಣ್ಣ ಡ್ರೋನುಗಳಲ್ಲಿ ಬಹುಪಾಲು ಲಿಥಿಯಂ ಬ್ಯಾಟರಿಯಿಂದ ನಡೆಯತಕ್ಕವು. ನಾಲ್ಕು, ಆರು ಅಥವಾ ಎಂಟು ಪಂಖಗಳುಳ್ಳ ಡ್ರೋನು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ನಿಮಿಷಗಳೊಳಗೆ ನೆಲಕ್ಕಿಳಿಯಬೇಕಾಗುತ್ತದೆ. ಹಾಗಾದರೆ ಇನ್ನೊಂದು ಬ್ಯಾಟರಿಯನ್ನು ಹೊರಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಹೊರಿಸಬಹುದು, ಆದರೆ ಬ್ಯಾಟರಿಯನ್ನು ಹೊರುವುದಕ್ಕೂ ವಿದ್ಯುತ್ತು ಬೇಕು. ಪಂಖಗಳು ಅವೇ ಇದ್ದು ಡ್ರೋನಿನ ತೂಕ ಇಮ್ಮಡಿಯಾದರೆ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದಕ್ಕೆ ಬೇಕಾಗುವ ಶಕ್ತಿ ಇಮ್ಮಡಿಯಲ್ಲ, ಸುಮಾರು ೨.೮ ಪಟ್ಟಾಗುತ್ತದೆ. ದಾರಿಯ ಬುತ್ತಿಯನ್ನು ಹೊರುವುದಕ್ಕೇ ಬುತ್ತಿಯೆಲ್ಲ ಖರ್ಚಾಗುವ ಪ್ರಯಾಣಿಕನ ಸ್ಥಿತಿ ಇದು.

ಒಂದು ಕಿಲೋಗ್ರಾಂ ತೂಕದ ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು ೦.೨ ಕಿಲೋವಾಟ್-ಗಂಟೆ, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಯೂನಿಟ್ಟಿನ ಐದನೆಯ ಒಂದು ಭಾಗ, ವಿದ್ಯುತ್ತು ಹಿಡಿಯುತ್ತದೆ. ಒಂದು ಕಿಲೋಗ್ರಾಂ ಜಲಜನಕದಲ್ಲಾದರೋ ೩೩ ಯೂನಿಟ್ಟುಗಳಷ್ಟು ಶಕ್ತಿ ಅಡಗಿದೆ. ಈ ಎರಡು ಅಂಕಿಗಳ ನಡುವಣ ಅಂತರವೇ ಡ್ರೋನುಗಳ ತಯಾರಕರನ್ನು ಜಲಜನಕದ ಕಡೆಗೆ ಸೆಳೆದದ್ದು. ಆದರೆ ಈ ಅಂತರವು ಕಾಣುವಷ್ಟು ದೊಡ್ಡದಲ್ಲವೆಂಬುದನ್ನು ಮುಂದೆ ತೋರಿಸುತ್ತೇವೆ.

೩

ಇಂಧನಕೋಶವು ಹೊಸ ಆವಿಷ್ಕಾರವೆಂಬ ಭಾವನೆ ಬಹುಜನರಲ್ಲಿದೆ. ವಾಸ್ತವವಾಗಿ ಅದು ವಿದ್ಯುದ್ದೀಪಕ್ಕಿಂತ ಹಿರಿಯದು. ನೀರಿನಲ್ಲಿ ವಿದ್ಯುತ್ತನ್ನು ಹರಿಸಿದರೆ ಅದು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆಂಬುದನ್ನು ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಆಂಗ್ಲರು ೧೮೦೦ರಲ್ಲಿ ಕಂಡುಕೊಂಡರು. ಈ ಕ್ರಿಯೆಯನ್ನು ಹಿಂದುಮುಂದು ಮಾಡಿ, ಎರಡು ಅನಿಲಗಳನ್ನು ಕೂಡಿಸಿ ವಿದ್ಯುತ್ತನ್ನು ಪಡೆಯಬಹುದೆಂಬುದು ೧೮೩೯ರಲ್ಲಿ ಪ್ರಕಟವಾಯಿತು. ಜರ್ಮನ್ ರಸಾಯನವಿಜ್ಞಾನಿ ಷೋನ್‌ಬೈನ್ ಮತ್ತು ವೇಲ್ಸ್ ದೇಶದ ವಿಲಿಯಂ ರಾಬರ್ಟ್ ಗ್ರೋವ್ ಇಬ್ಬರೂ ಆ ವರ್ಷ ಇದನ್ನು ಕುರಿತು ಬರೆದರು. ಗ್ರೋವ್ ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶನಾದವನು. ೧೮೪೨ರಲ್ಲಿ ಅವನು ಇಂಥ ಹಲವು ಕೋಶಗಳನ್ನು ಜೋಡಿಸಿ, ಅವುಗಳಿಂದ ಬಂದ ವಿದ್ಯುತ್ತಿನಿಂದಲೇ ಮತ್ತೆ ನೀರನ್ನು ಒಡೆದು ತೋರಿಸಿದನು.

ಇಷ್ಟಾದರೂ ಸುಮಾರು ಒಂದು ಶತಮಾನದವರೆಗೆ ಈ ಉಪಕರಣ ಪ್ರಯೋಗಶಾಲೆಯನ್ನು ದಾಟಲಿಲ್ಲ. ೧೮೮೯ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಕಾರ್ಲ್ ಲಾಂಗರ್ ಇದನ್ನು ಸುಧಾರಿಸಿದರೂ ಪ್ಲಾಟಿನಮ್ಮಿನ ಬೆಲೆಯೂ ಅನಿಲದ ಕಲ್ಮಷವೂ ಅಡ್ಡಿಯಾದುವು. ಅಷ್ಟರಲ್ಲಿ ಡೈನಮೊ ಯಂತ್ರವು ಬಂದು ಕಲ್ಲಿದ್ದಲಿನಿಂದಲೂ ಜಲಪಾತಗಳಿಂದಲೂ ವಿದ್ಯುತ್ತನ್ನು ಯಥೇಚ್ಛವಾಗಿ ಒದಗಿಸತೊಡಗಿತ್ತು. ಕೋಶಕ್ಕೆ ಅವಶ್ಯಕತೆಯೇ ಉಳಿಯಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಪುನರುಜ್ಜೀವನಗೊಳಿಸಿದವನು ಫ್ರಾನ್ಸಿಸ್ ಥಾಮಸ್ ಬೇಕನ್ ಎಂಬ ಆಂಗ್ಲ ಎಂಜಿನಿಯರು. (ಇವನನ್ನು ಇದೇ ಹೆಸರಿನ ಪ್ರಸಿದ್ಧ ದಾರ್ಶನಿಕನೆಂದು ಭ್ರಮಿಸಬಾರದು.) ೧೯೩೦ರ ದಶಕದಲ್ಲಿ ಆರಂಭಿಸಿದ ಪ್ರಯತ್ನವನ್ನು ಅವನು ೧೯೫೯ರಲ್ಲಿ ಸಾರ್ವಜನಿಕ ಪ್ರದರ್ಶನದವರೆಗೆ ತಂದನು. ಅದೇ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಥಾಮಸ್ ಗ್ರಬ್ ಮತ್ತು ಲಿಯೊನಾರ್ಡ್ ನೀಡ್ರಾಕ್ ಎಂಬುವರು ದ್ರವದ ಬದಲು ತೆಳುವಾದ ಪೊರೆಯನ್ನು ಬಳಸುವ ಕೋಶವನ್ನು ರೂಪಿಸಿದರು. ಇಂದು ಡ್ರೋನುಗಳಲ್ಲಿರುವ ಕೋಶ ಈ ವಂಶದ್ದು.

೧೯೬೫ರ ಆಗಸ್ಟ್ ತಿಂಗಳಲ್ಲಿ ಇಬ್ಬರು ಗಗನಯಾತ್ರಿಗಳನ್ನು ಹೊತ್ತು ಸುಮಾರು ಎಂಟು ದಿನ ಭೂಮಿಯನ್ನು ಸುತ್ತಿದ ಜೆಮಿನಿ-೫ ನೌಕೆಯಲ್ಲಿ ಪೊರೆಯ ಕೋಶವೂ, ತರುವಾಯ ಚಂದ್ರನೆಡೆಗೆ ಹೋದ ಅಪೋಲೊ ನೌಕೆಗಳಲ್ಲಿ ಬೇಕನ್ನನ ಮಾದರಿಯ ಕೋಶವೂ ವಿದ್ಯುತ್ತನ್ನು ಒದಗಿಸಿದುವು. ಬೆಲೆ ಅಪಾರವಾಗಿತ್ತು. ಆದರೆ ಅಷ್ಟು ದಿನಗಳಿಗೆ ಸಾಕಾಗುವ ಬ್ಯಾಟರಿಗಳ ತೂಕವನ್ನು ಆ ನೌಕೆಗಳು ಹೊರಲಾರವಾಗಿದ್ದುವು. ಇಂಧನಕೋಶಕ್ಕೆ ಮೊದಲ ನಿಜವಾದ ಉದ್ಯೋಗ ದೊರೆತದ್ದು ಅದು ಅಗ್ಗವಾದ್ದರಿಂದಲ್ಲ, ಹಗುರವಾದ್ದರಿಂದ. ಡ್ರೋನಿನ ಪ್ರಕರಣವನ್ನು ಅರ್ಥಮಾಡಿಕೊಳ್ಳುವುದಕ್ಕೆ ಈ ಒಂದು ಸಂಗತಿಯೇ ಕೀಲಿಕೈ ಎಂದು ನಮ್ಮ ಅಭಿಪ್ರಾಯ.

೪

ಪೊರೆಯ ಕೋಶವು ಕೆಲಸಮಾಡುವ ಬಗೆಯನ್ನು ಸಂಕ್ಷೇಪವಾಗಿ ವಿವರಿಸುತ್ತೇವೆ. ತೆಳುವಾದ ಪ್ಲಾಸ್ಟಿಕ್ ಜಾತಿಯ ಪೊರೆಯೊಂದರ ಎರಡು ಮಗ್ಗುಲಿಗೂ ಪ್ಲಾಟಿನಮ್ಮಿನ ಸೂಕ್ಷ್ಮ ಕಣಗಳುಳ್ಳ ಲೇಪನವಿರುತ್ತದೆ. ಒಂದು ಮಗ್ಗುಲಿಗೆ ಜಲಜನಕವನ್ನು ಹಾಯಿಸಿದಾಗ ಪ್ಲಾಟಿನಮ್ಮಿನ ಪ್ರಭಾವದಿಂದ ಅದರ ಪರಮಾಣು ಪ್ರೋಟಾನು, ಎಲೆಕ್ಟ್ರಾನುಗಳಾಗಿ ಬೇರ್ಪಡುತ್ತದೆ. ಪೊರೆಯು ಪ್ರೋಟಾನುಗಳಿಗೆ ಮಾತ್ರ ದಾರಿ ಕೊಡುತ್ತದೆ. ಎಲೆಕ್ಟ್ರಾನುಗಳು ಹೊರಗಣ ತಂತಿಯಲ್ಲಿ ಸುತ್ತಿಕೊಂಡು ಬರಬೇಕಾಗುತ್ತದೆ. ಈ ಸುತ್ತಾಟವೇ ನಮಗೆ ದೊರೆಯುವ ವಿದ್ಯುತ್ ಪ್ರವಾಹ. ಇನ್ನೊಂದು ಮಗ್ಗುಲಿನಲ್ಲಿ ಗಾಳಿಯ ಆಮ್ಲಜನಕದೊಡನೆ ಎರಡೂ ಮತ್ತೆ ಕೂಡಿ ನೀರಾಗುತ್ತವೆ. ಜ್ವಾಲೆಯಿಲ್ಲ, ಹೊಗೆಯಿಲ್ಲ.

ಬಳಕೆಯಲ್ಲಿ ಒಂದು ಕೋಶದಿಂದ ದೊರೆಯುವುದು ಸುಮಾರು ೦.೬ರಿಂದ ೦.೭ ವೋಲ್ಟು ಮಾತ್ರ. ಆದಕಾರಣ ಹತ್ತಾರು ಕೋಶಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸುತ್ತಾರೆ. ಜಲಜನಕದಲ್ಲಿರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ವಿದ್ಯುತ್ತಾಗುತ್ತದೆ. ಉಳಿದರ್ಧ ಶಾಖವಾಗಿ ಹೋಗುತ್ತದೆ. ಪೊರೆಯು ಒಣಗಿದರೆ ಪ್ರೋಟಾನುಗಳು ಸಾಗಲಾರವು. ನೀರು ಹೆಚ್ಚಿ ನಿಂತರೆ ಗಾಳಿ ಒಳಹೊಗಲಾರದು. ಇದಲ್ಲದೆ ಕೋಶವು ಏಕರೀತಿಯಾದ ದುಡಿಮೆಗೆ ಒಗ್ಗತಕ್ಕದ್ದು. ನೆಲಬಿಟ್ಟು ಏಳುವಾಗಲೂ ಬಿರುಗಾಳಿಗೆ ಸಿಕ್ಕಾಗಲೂ ಬೇಕಾಗುವ ಹಠಾತ್ತಾದ ಶಕ್ತಿಯನ್ನು ತಾನೊಂದೇ ಒದಗಿಸಲಾರದು. ಆದುದರಿಂದ ಜಲಜನಕದ ಡ್ರೋನುಗಳಲ್ಲಿಯೂ ಚಿಕ್ಕದೊಂದು ಬ್ಯಾಟರಿ ಜೊತೆಗಿರುತ್ತದೆ.

ಅಪೋಲೊ ನೌಕೆಗೂ ಡ್ರೋನಿಗೂ ಇಲ್ಲಿ ಒಂದು ಮುಖ್ಯವಾದ ಭೇದವುಂಟು. ಗಗನನೌಕೆಯು ಆಮ್ಲಜನಕವನ್ನೂ ಹೊತ್ತೊಯ್ಯಬೇಕು. ೧೯೭೦ರ ಏಪ್ರಿಲಿನಲ್ಲಿ ಅಪೋಲೊ-೧೩ರ ಆಮ್ಲಜನಕದ ತೊಟ್ಟಿ ಸಿಡಿದಾಗ ಇಂಧನಕೋಶಗಳೂ ನಿಂತುಹೋದುವು. ಡ್ರೋನಿಗಾದರೆ ಆಮ್ಲಜನಕ ದಾರಿಯುದ್ದಕ್ಕೂ ಗಾಳಿಯಲ್ಲಿ ಸಿಗುತ್ತದೆ. ಅದು ಹೊರಬೇಕಾದುದು ಜಲಜನಕವನ್ನು ಮಾತ್ರ.

೫

ಆ ಜಲಜನಕವನ್ನು ಹೊರುವುದೇ ಕಷ್ಟದ ಕೆಲಸ. ಒಂದು ಕಿಲೋಗ್ರಾಂ ಜಲಜನಕವು ಸಾಮಾನ್ಯ ಒತ್ತಡದಲ್ಲಿ ಸುಮಾರು ೧೧,೦೦೦ ಲೀಟರು ಸ್ಥಳವನ್ನು ಆಕ್ರಮಿಸುತ್ತದೆ. ಅದನ್ನು ವಾಯುಮಂಡಲದ ಒತ್ತಡಕ್ಕಿಂತ ೩೦೦ ಪಟ್ಟು ಒತ್ತಡದಲ್ಲಿ ತುಂಬಿದರೂ ಒಂದು ಲೀಟರಿನಲ್ಲಿ ಹಿಡಿಯುವುದು ಸುಮಾರು ೨೦ ಗ್ರಾಂ. ಇಷ್ಟು ಒತ್ತಡವನ್ನು ತಡೆಯುವ ಸಿಲಿಂಡರನ್ನು ಇಂಗಾಲದ ನಾರಿನಿಂದ ಹೆಣೆದು ಮಾಡಿದರೂ, ಒಳಗಿನ ಜಲಜನಕವು ಸಿಲಿಂಡರಿನ ತೂಕದಲ್ಲಿ ನೂರಕ್ಕೆ ಐದರ ಆಸುಪಾಸಿನಲ್ಲಿರುತ್ತದೆ. ಹಾಲಿಗಿಂತ ಪಾತ್ರೆ ಇಪ್ಪತ್ತು ಪಟ್ಟು ಭಾರ! ೩೩ ಯೂನಿಟ್ಟುಗಳೆಂಬ ಅಂಕಿ ಕಾಣುವಷ್ಟು ದೊಡ್ಡದಲ್ಲವೆಂದು ನಾವು ಹೇಳಿದ್ದು ಇದಕ್ಕಾಗಿ.

ಹೀಗಿದ್ದರೂ ಲೆಕ್ಕದಲ್ಲಿ ಜಲಜನಕವೇ ಗೆಲ್ಲುವ ಸಂದರ್ಭಗಳಿವೆ. ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾನಿಲಯದವರು ಅಲ್ಲಿನ ನೌಕಾಪಡೆ ಮತ್ತು ಕರಾವಳಿ ರಕ್ಷಣಾದಳಗಳೊಡನೆ ಕೂಡಿ ನಿರ್ಮಿಸಿದ ಡ್ರೋನೊಂದರ ವಿವರ ೨೦೨೧ರ ಆರಂಭದಲ್ಲಿ ಪ್ರಕಟವಾಯಿತು. ನೇರವಾಗಿ ಮೇಲೆದ್ದು ಬಳಿಕ ರೆಕ್ಕೆಯ ಮೇಲೆ ಹಾರುವ ಈ ಡ್ರೋನಿನ ತೂಕ ೧೩ ಕಿಲೋಗ್ರಾಂ. ರೆಕ್ಕೆಯ ಅಗಲ ೩ ಮೀಟರು. ಇಂಧನಕೋಶದ ಶಕ್ತಿ ೮೦೦ ವಾಟು. ಸಿಲಿಂಡರಿನ ಗಾತ್ರ ೬.೮ ಲೀಟರು, ಒತ್ತಡ ವಾಯುಮಂಡಲದ ೩೦೦ ಪಟ್ಟು. ಚಲಿಸುತ್ತಿರುವ ಹಡಗಿನ ಮೇಲಿನಿಂದ ಎದ್ದು ಅದು ಮೂರೂವರೆ ಗಂಟೆಗಳಿಗೂ ಮೇಲೆ ಹಾರಿತು.

ಈ ಅಂಕಿಗಳಿಂದ ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ೬.೮ ಲೀಟರಿನಲ್ಲಿ ಹಿಡಿಯುವ ಜಲಜನಕ ಸುಮಾರು ೧೪೦ ಗ್ರಾಂ. ಅದರಲ್ಲಿನ ಶಕ್ತಿ ಸುಮಾರು ೪.೬ ಯೂನಿಟ್ಟು, ಅರ್ಧ ಕಳೆದರೆ ಉಳಿಯುವ ವಿದ್ಯುತ್ತು ೨.೩ ಯೂನಿಟ್ಟು. ಇಷ್ಟೇ ವಿದ್ಯುತ್ತನ್ನು ಬ್ಯಾಟರಿಯಲ್ಲಿ ತುಂಬಬೇಕಾದರೆ ಅದರ ತೂಕ ಹನ್ನೊಂದೂವರೆ ಕಿಲೋಗ್ರಾಂ ಆಗುತ್ತದೆ. ಎಂದರೆ ಬ್ಯಾಟರಿಯೊಂದೇ ಹೆಚ್ಚುಕಡಿಮೆ ಇಡೀ ಡ್ರೋನಿನಷ್ಟು ಭಾರ. ಹಾರಾಟ ಹತ್ತಿಪ್ಪತ್ತು ನಿಮಿಷದ್ದಾದರೆ ಕೋಶ ಮತ್ತು ಸಿಲಿಂಡರುಗಳ ಸಂಸಾರಕ್ಕಿಂತ ಬ್ಯಾಟರಿಯೇ ಹಗುರ. ಹಾರಾಟ ಗಂಟೆಗಳ ಲೆಕ್ಕಕ್ಕೆ ಹೋದಾಗ ತಕ್ಕಡಿ ಜಲಜನಕದ ಕಡೆಗೆ ವಾಲುತ್ತದೆ.

೬

ಈ ಮಾರ್ಗದಲ್ಲಿ ಮೊದಲು ಹಣ ಸುರಿದವರು ಸೇನಾಪಡೆಗಳವರೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅಮೆರಿಕದ ನೌಕಾ ಸಂಶೋಧನಾಲಯದ ‘ಅಯಾನ್ ಟೈಗರ್’ ಎಂಬ ಡ್ರೋನು ೨೦೦೯ರಲ್ಲಿ ೨೬ ಗಂಟೆಗಳ ಕಾಲವೂ, ೨೦೧೩ರಲ್ಲಿ ದ್ರವರೂಪದ ಜಲಜನಕವನ್ನು ಬಳಸಿ ೪೮ ಗಂಟೆಗಳ ಕಾಲವೂ ಹಾರಿತು. ದ್ರವವಾಗಿಸಿದರೆ ಲೀಟರಿಗೆ ೭೧ ಗ್ರಾಂ ಹಿಡಿಯುತ್ತದೆ. ಆದರೆ ಅದಕ್ಕೆ ಶೂನ್ಯಕ್ಕಿಂತ ೨೫೩ ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯ ಬೇಕು.

ನಾಗರಿಕ ಕ್ಷೇತ್ರದಲ್ಲಿ ಗಮನಾರ್ಹವಾದ ಒಂದು ಪ್ರಯೋಗ ೨೦೧೯ರ ನವೆಂಬರಿನಲ್ಲಿ ಕೆರಿಬಿಯನ್ ಸಮುದ್ರದ ಅಮೆರಿಕನ್ ವರ್ಜಿನ್ ದ್ವೀಪಗಳಲ್ಲಿ ನಡೆಯಿತು. ೨೦೧೭ರ ಸೆಪ್ಟೆಂಬರಿನಲ್ಲಿ ಇರ್ಮಾ ಮತ್ತು ಮರಿಯಾ ಎಂಬ ಎರಡು ಚಂಡಮಾರುತಗಳು ಒಂದರ ಹಿಂದೊಂದು ಎರಗಿ ಈ ದ್ವೀಪಗಳನ್ನು ಧ್ವಂಸಮಾಡಿದ್ದುವು. ಇಂಥ ಸಮಯದಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಔಷಧವನ್ನು ಕಳುಹಿಸುವುದು ಹೇಗೆಂಬುದು ಜೀವನ್ಮರಣದ ಪ್ರಶ್ನೆ. ದಕ್ಷಿಣ ಕೊರಿಯದ ದೂಸಾನ್ ಸಂಸ್ಥೆಯ ಜಲಜನಕ ಡ್ರೋನು ಸೇಂಟ್ ಕ್ರೊಯಿ ದ್ವೀಪದಿಂದ ಸೇಂಟ್ ಥಾಮಸ್ ದ್ವೀಪಕ್ಕೆ, ತೆರೆದ ಸಮುದ್ರದ ಮೇಲೆ ಸುಮಾರು ೬೯ ಕಿಲೋಮೀಟರು ದೂರವನ್ನು ೧ ಗಂಟೆ ೪೩ ನಿಮಿಷಗಳಲ್ಲಿ ದಾಟಿತು. ನಡುದಾರಿಯಲ್ಲಿ ಇಳಿದು ಬ್ಯಾಟರಿ ಬದಲಿಸುವುದಕ್ಕೆ ಅಲ್ಲಿ ನೆಲವೇ ಇರಲಿಲ್ಲವೆಂಬುದನ್ನು ಜ್ಞಾಪಕದಲ್ಲಿಡಬೇಕು.

ಇದರೊಡನೆ ನಮ್ಮ ನಾಡಿನ ಪ್ರಯೋಗವೊಂದನ್ನು ಹೋಲಿಸಿ ನೋಡೋಣ. ೨೦೨೧ರ ನವೆಂಬರಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ತಮ್ಮ ಎಂಟು ಪಂಖಗಳ ಬ್ಯಾಟರಿ ಡ್ರೋನಿನಿಂದ, ಆನೇಕಲ್ ತಾಲ್ಲೂಕಿನ ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಯ ಕೇಂದ್ರಕ್ಕೆ ಕೋವಿಡ್ ಲಸಿಕೆಯ ೫೦ ಸೀಸೆಗಳನ್ನು ಸಾಗಿಸಿದರು. ಆಕಾಶಮಾರ್ಗದ ೭ ಕಿಲೋಮೀಟರುಗಳಿಗೆ ಹಿಡಿದದ್ದು ಹತ್ತು ನಿಮಿಷ. ಈ ಕೆಲಸಕ್ಕೆ ಬ್ಯಾಟರಿ ಸಾಕಾಯಿತು. ಜಲಜನಕವನ್ನು ತಂದಿದ್ದರೆ ಅದು ಬರಿಯ ಆಡಂಬರವಾಗುತ್ತಿತ್ತು. ಸಾಧನದ ಆಯ್ಕೆಯನ್ನು ದೂರವು ನಿರ್ಧರಿಸಬೇಕೇ ಹೊರತು ಸಾಧನದ ಹೊಸತನವಲ್ಲ.

೭

ಜಲಜನಕವೆಂದೊಡನೆ ೧೯೩೭ರ ಮೇ ೬ರಂದು ಲೇಕ್‌ಹರ್ಸ್ಟ್‌ನಲ್ಲಿ ಉರಿದುಹೋದ ಹಿಂಡೆನ್‌ಬರ್ಗ್ ವಾಯುನೌಕೆ ನೆನಪಿಗೆ ಬರುವುದು ಸಹಜ. ಆ ದುರಂತದಲ್ಲಿ ೩೬ ಮಂದಿ ಮಡಿದರು. ಅದರಲ್ಲಿ ಸುಮಾರು ಎರಡು ಲಕ್ಷ ಘನಮೀಟರು ಜಲಜನಕವಿತ್ತು. ತೂಕದಲ್ಲಿ ೧೮,೦೦೦ ಕಿಲೋಗ್ರಾಂನಷ್ಟು. ೧೪೦ ಗ್ರಾಂ ಹೊತ್ತ ಡ್ರೋನನ್ನು ಅದರೊಡನೆ ಸರಿದೂಗಿಸುವುದು ನ್ಯಾಯವಲ್ಲ. ಆದರೆ ಅಪಾಯವೇ ಇಲ್ಲವೆನ್ನುವುದೂ ಸತ್ಯವಲ್ಲ. ಗಾಳಿಯಲ್ಲಿ ನೂರಕ್ಕೆ ೪ರಿಂದ ೭೫ ಭಾಗದವರೆಗೆ ಬೆರೆತಾಗ ಜಲಜನಕ ಹೊತ್ತಿಕೊಳ್ಳಬಲ್ಲದು; ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಬಯಲಿನಲ್ಲಿ ಅದು ಬೇಗ ಮೇಲಕ್ಕೇರಿ ಚದರಿಹೋಗುತ್ತದೆ. ಮುಚ್ಚಿದ ಕೊಠಡಿಯಲ್ಲಿ ಮಾತ್ರ ಸೂರಿನ ಕೆಳಗೆ ಸೇರಿಕೊಳ್ಳುತ್ತದೆ.

ಇನ್ನೊಂದು ನಿದರ್ಶನ ಹೆಚ್ಚು ಬೋಧಪ್ರದವಾದುದು. ಅಮೆರಿಕದ ನಾಸಾ ಸಂಸ್ಥೆಯ ‘ಹೀಲಿಯೋಸ್’ ಎಂಬ ೭೫ ಮೀಟರು ರೆಕ್ಕೆಯ ಚಾಲಕರಹಿತ ಸೌರವಿಮಾನ ಇಂಧನಕೋಶವನ್ನೂ ಹೊತ್ತು ಹಾರುತ್ತಿದ್ದಾಗ ೨೦೦೩ರ ಜೂನ್ ೨೬ರಂದು ಹವಾಯಿಯ ಬಳಿ ಮುರಿದು ಸಮುದ್ರಕ್ಕೆ ಬಿದ್ದಿತು. ಜಲಜನಕ ಸಿಡಿದದ್ದು ಅದಕ್ಕೆ ಕಾರಣವಲ್ಲ. ಗಾಳಿಯ ಹೊಯ್ದಾಟದಲ್ಲಿ ರೆಕ್ಕೆ ಮಿತಿಮೀರಿ ಬಾಗಿತು. ಅದುವರೆಗೆ ರೆಕ್ಕೆಯುದ್ದಕ್ಕೂ ಹರಡಿದ್ದ ಭಾರವು, ಕೋಶ ಮತ್ತು ತೊಟ್ಟಿಗಳನ್ನು ಸೇರಿಸಿದಾಗ ಕೆಲವೇ ಸ್ಥಾನಗಳಲ್ಲಿ ಒಟ್ಟುಗೂಡಿದ್ದಿತು. ಹಳೆಯ ದೇಹಕ್ಕೆ ಹೊಸ ಇಂಧನವನ್ನು ಕಟ್ಟಿದರೆ ಸಾಲದು. ದೇಹವನ್ನೇ ಹೊಸದಾಗಿ ಯೋಚಿಸಬೇಕಾಗುತ್ತದೆ.

ಕಾನೂನಿನ ತೊಡಕೂ ಉಂಟು. ಬಹುತೇಕ ದೇಶಗಳಲ್ಲಿ ವಿಶೇಷ ಅನುಮತಿಯಿಲ್ಲದೆ ಡ್ರೋನನ್ನು ನಡೆಸುವವನ ಕಣ್ಣಳತೆಯಾಚೆಗೆ ಹಾರಿಸುವಂತಿಲ್ಲ. ಈ ಕಟ್ಟಳೆ ಸಡಿಲವಾಗದೆ ಮೂರು ಗಂಟೆ ಹಾರುವ ಶಕ್ತಿಗೆ ಅರ್ಥವಿಲ್ಲ.

೮

ಕೊನೆಯದಾಗಿ, ಜಲಜನಕ ಬರುವುದೆಲ್ಲಿಂದ? ೨೦೨೩ರಲ್ಲಿ ಪ್ರಪಂಚದಲ್ಲಿ ತಯಾರಾದ ಸುಮಾರು ೯೭೦ ಲಕ್ಷ ಟನ್ನು ಜಲಜನಕದಲ್ಲಿ ಬಹುಭಾಗ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬಂದದ್ದು. ಇಂಗಾಲದ ಹೊಗೆಯನ್ನು ತಗ್ಗಿಸುವ ವಿಧಾನಗಳಿಂದ ಬಂದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಡ್ರೋನಿನಿಂದ ಹೊರಬೀಳುವುದು ನೀರಷ್ಟೇ ಆದರೂ, ಹೊಗೆಯು ಬೇರೆಲ್ಲೋ ಎದ್ದಿರಬಹುದು. ೨೦೨೩ರ ಜನವರಿಯಲ್ಲಿ ಭಾರತ ಸರ್ಕಾರವು ಅಂಗೀಕರಿಸಿದ ಹಸಿರು ಜಲಜನಕ ಯೋಜನೆಯ ಗುರಿ, ಶುದ್ಧ ವಿದ್ಯುತ್ತಿನಿಂದ ನೀರನ್ನು ಒಡೆದು ಈ ಅನಿಲವನ್ನು ಪಡೆಯುವುದೇ ಆಗಿದೆ.

ಹಾಗೆ ನೀರಿನಿಂದ ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು ಸುಮಾರು ೫೫ ಯೂನಿಟ್ಟು ವಿದ್ಯುತ್ತು ಬೇಕು. ಡೆಲ್ಫ್ಟ್ ಡ್ರೋನಿನ ೧೪೦ ಗ್ರಾಂಗೆ, ಒತ್ತಿ ತುಂಬುವ ಖರ್ಚೂ ಸೇರಿ, ಎಂಟು ಯೂನಿಟ್ಟುಗಳಿಗೆ ಸ್ವಲ್ಪ ಮೇಲೆ. ಹಾರಾಟದಲ್ಲಿ ಮರಳಿ ಬರುವುದು ೨.೩ ಯೂನಿಟ್ಟು. ಬ್ಯಾಟರಿಗಾದರೆ ಮೂರು ಯೂನಿಟ್ಟಿನೊಳಗೆ ಕೆಲಸ ಮುಗಿಯುತ್ತಿತ್ತು. ನೆಲದ ಮೇಲೆ ಇದು ಶುದ್ಧ ದುಂದು. ಆಕಾಶದಲ್ಲಿ ಮಾತ್ರ, ತೂಕದ ಕಾರಣದಿಂದ, ಇದು ಕ್ಷಮ್ಯ.

ಆದರೆ ಈ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. ದೀರ್ಘ ಹಾರಾಟದ ಅವಶ್ಯಕತೆಯಿರುವುದು ದ್ವೀಪಗಳಿಗೆ, ಕಾಡುಮಲೆಗಳ ನಡುವಣ ಊರುಗಳಿಗೆ, ನೆರೆಯಿಂದ ದಾರಿ ಕಡಿದುಹೋದ ಪ್ರದೇಶಗಳಿಗೆ. ಜಲಜನಕದ ಕಾರ್ಖಾನೆ ಇಲ್ಲದಿರುವುದೂ ಅಲ್ಲಿಯೇ. ಯಾರಿಗೆ ಈ ಸಾಧನ ಹೆಚ್ಚು ಬೇಕೋ ಅವರಿಗೆ ಅದರ ಇಂಧನ ಅತಿ ದೂರ. ಈ ವೈಷಮ್ಯವನ್ನು ನೀಗದಿದ್ದರೆ ಜಲಜನಕದ ಡ್ರೋನು ಪ್ರದರ್ಶನದ ವಸ್ತುವಾಗಿ ಉಳಿಯುತ್ತದೆ. ಸಮಾಧಾನದ ಸಂಗತಿಯೆಂದರೆ ಬೇಕಾಗುವ ಪ್ರಮಾಣ ಅತ್ಯಲ್ಪ. ಮೂರೂವರೆ ಗಂಟೆಯ ಒಂದು ಹಾರಾಟಕ್ಕೆ ಎಂಟು ಯೂನಿಟ್ಟು ವಿದ್ಯುತ್ತು, ಒಂದೂಕಾಲು ಲೀಟರು ನೀರು! ಆಸ್ಪತ್ರೆಯೊಂದರ ಮಾಳಿಗೆಯ ಮೇಲಣ ಸೌರಫಲಕಗಳಿಂದ ಇಷ್ಟನ್ನು ಪಡೆಯುವುದು ಅಸಾಧ್ಯವಲ್ಲ. ಕಷ್ಟವಿರುವುದು ಪ್ರಮಾಣದಲ್ಲಲ್ಲ, ಅನಿಲವನ್ನು ಪ್ಲಾಟಿನಮ್ಮಿಗೆ ಹಾನಿಯಾಗದಷ್ಟು ಪರಿಶುದ್ಧವಾಗಿಡುವುದರಲ್ಲಿ, ಮುನ್ನೂರು ಪಟ್ಟು ಒತ್ತಡಕ್ಕೆ ಏರಿಸುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದರಲ್ಲಿ, ಇದೆಲ್ಲವನ್ನೂ ಬಲ್ಲ ಒಬ್ಬ ನುರಿತ ಕೆಲಸಗಾರನನ್ನು ಆ ದೂರದ ಊರಿನಲ್ಲಿ ನೆಲೆಗೊಳಿಸುವುದರಲ್ಲಿ.

ಗ್ರೋವನ ಕೋಶವು ನೂರು ವರ್ಷಕ್ಕೂ ಮೇಲ್ಪಟ್ಟು ಕಾದದ್ದು ತತ್ತ್ವದ ಕೊರತೆಯಿಂದಲ್ಲ. ಅದಕ್ಕೆ ತಕ್ಕ ಕೆಲಸವೂ ಆ ಕೆಲಸದ ವೆಚ್ಚವನ್ನು ಹೊರುವವರೂ ದೊರೆಯದಿದ್ದುದರಿಂದ. ಗಗನಯಾನದ ಕಾಲದಲ್ಲಿ ಸರ್ಕಾರವೊಂದು ಆ ವೆಚ್ಚವನ್ನು ಹೊತ್ತಿತು. ಬಳಿಕ ಸೇನಾಪಡೆಗಳು ಹೊತ್ತವು. ದೂರದ ಊರಿನ ರೋಗಿಯ ಸಲುವಾಗಿ ಅದನ್ನು ಹೊರುವವರು ಯಾರೆಂಬುದು ಇನ್ನೂ ನಿರ್ಧಾರವಾಗಿಲ್ಲ. ಗೊನೆಸಿನ ಹಳ್ಳಿಗರು ತಮ್ಮ ಹೊಲಕ್ಕೆ ಬಿದ್ದ ಬೆಲೂನನ್ನು ಹರಿದುಹಾಕಿದ್ದು ಅದು ಏನು, ಏತಕ್ಕೆ ಎಂಬುದು ಅವರಿಗೆ ತಿಳಿಯದಿದ್ದುದರಿಂದ. ಮುಂದೆ ಇಳಿಯಲಿರುವ ಡ್ರೋನು ಹಾಗೆ ಅಪರಿಚಿತವಾಗಿ ಬರಬಾರದು. ಅದರ ಗುಣ, ದೋಷ, ವೆಚ್ಚಗಳು ಅದನ್ನು ಬಳಸತಕ್ಕ ಜನರಿಗೆ ಮೊದಲೇ ತಿಳಿದಿರಬೇಕು. ಆ ತಿಳಿವಳಿಕೆಯನ್ನು ಮುಟ್ಟಿಸುವ ಹೊಣೆಯಲ್ಲಿ ನಮ್ಮ ಕಾಲೇಜುಗಳಿಗೂ ಪಾಲಿದೆ.